ಗಂಡು ಎಂದು ಬರೆದಿದ್ದ ಬುರುಡೆ

ಚರಂಡಿ ಅಗೆಯುವಾಗ ಸಿಕ್ಕಿದ ಮೂಟೆಯನ್ನು ಪೊಲೀಸರು ತಂದಿಟ್ಟು ಹೋಗಿದ್ದರು. ಅದನ್ನು ಬಿಚ್ಚಿದಾಗ ಮೂಳೆ ತಜ್ಞೆ ಮೂಗು ಮುಚ್ಚಿಕೊಂಡಳು. ಹದಿನೆಂಟು ವರ್ಷದ ಕೆಲಸದಲ್ಲಿ ತನ್ನ ಮೂಗು ಎಂದೋ ಸತ್ತಿದೆ ಎಂದುಕೊಂಡಿದ್ದಳು. ಕಪ್ಪು ಕೆಸರು, ಕೊಳೆತ ಬಟ್ಟೆ, ಅದರ ನಡುವೆ ಸೊಂಟದ ಮೂಳೆ, ಬೆನ್ನುಮೂಳೆಯ ತುಂಡುಗಳು. ತಲೆ ಇರಲಿಲ್ಲ.

ತಲೆ ಒಂಬತ್ತು ವರ್ಷದಿಂದ ಅವಳ ಕಪಾಟಿನಲ್ಲೇ ಇತ್ತು. ಅದೇ ಚರಂಡಿಯ ಪಕ್ಕ ಸಿಕ್ಕಿದ್ದು. ಅಗಲ ದವಡೆ, ಉಬ್ಬಿದ ಹುಬ್ಬಿನ ಮೂಳೆ ನೋಡಿ ಅವಳ ಗುರುಗಳು ನಿಂತ ನಿಲುವಿನಲ್ಲೇ ‘ಗಂಡು’ ಎಂದು ಬರೆದಿದ್ದರು. ಬರೀ ಬುರುಡೆ ನೋಡಿ ಹೇಳಲು ಹೋದರೆ ಮೋಸ ಹೋಗುತ್ತೀರಿ ಎಂದು ಪಾಠ ಮಾಡಿದವರೂ ಅವರೇ.

ಕತ್ತಿನ ಮೇಲ್ಮೂಳೆಯನ್ನು ತೊಳೆದು ಬುರುಡೆಯ ಅಡಿಗೆ ಹಿಡಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಆಮೇಲೆ ಸೊಂಟದ ಮೂಳೆಯ ಹಿಂಬದಿಯ ಬಾಗಿನಲ್ಲಿ ಹೆಬ್ಬೆರಳಿಟ್ಟಳು. ಬೆರಳು ಸಲೀಸಾಗಿ ಅತ್ತಿತ್ತ ಆಡಿತು. ಗಂಡಸಿನದಾಗಿದ್ದರೆ ಅಷ್ಟು ಜಾಗ ಇರುತ್ತಿರಲಿಲ್ಲ. ಮುಂಭಾಗದ ಕೋನವೂ ಅಗಲ. ಹೆಣ್ಣು.

ಸಂಜೆ ಗುರುಗಳ ಮನೆಗೆ ಹೋದಳು. ನಿವೃತ್ತರಾಗಿದ್ದ ಅವರು ಹಲ್ಲಿನ ಸೆಟ್ಟನ್ನು ತೆಗೆದು ತಟ್ಟೆಯಂಚಿಗಿಟ್ಟು ಬಾಳೆಹಣ್ಣು ಹಿಸುಕಿ ತಿನ್ನುತ್ತಿದ್ದರು.

“ಆ ದವಡೆ ನೋಡಿ ಹೆಣ್ಣು ಅಂತ ಯಾರು ಬರೀತಾರಮ್ಮ?” ಎಂದು ನಕ್ಕರು. “ಆಗೊಬ್ಬಳು ಬಂದಿದ್ದಳು, ಮಗಳು ಕಾಣೆ ಅಂತ. ದವಡೆ ನೋಡಿದ್ರೇ ಗೊತ್ತಾಗುತ್ತೆ, ಇದು ಗಂಡಸು, ಹೋಗು ಅಂದೆ. ಬಾಗಿಲಲ್ಲೇ ಕೂತುಬಿಟ್ಟಳು. ಕಾವಲಿನವನನ್ನ ಕರೆದು ಎಬ್ಬಿಸಬೇಕಾಯ್ತು.”

“ಫೋಟೋ ತಂದಿದ್ದರಾ ಸರ್?”

“ತಂದಿದ್ದಳು. ಯಾರು ನೋಡ್ತಾರೆ? ಈಗ ಕೆದಕಬೇಡ. ‘ಖಚಿತವಾಗಿ ಹೇಳಲಾಗದು’ ಅಂತ ಬರೆದು ಕೈ ತೊಳ್ಕೋ.”

ಅವರ ಗಲ್ಲದ ಮೇಲೆ ಹಣ್ಣಿನ ಎಂಜಲು ಇಳಿಯುತ್ತಿತ್ತು. ಬೆಳಿಗ್ಗೆ ಮೂಟೆ ಬಿಚ್ಚಿದಾಗಿಗಿಂತ ಹೆಚ್ಚು ಹೇಸಿಗೆ ಈಗ ಆಯಿತು. ಕೊಟ್ಟ ನೀರನ್ನೂ ಮುಟ್ಟದೆ ಎದ್ದಳು. ಅವರ ಬರಹ ನಂಬಿ ಒಂಬತ್ತು ವರ್ಷ ಆ ಬುರುಡೆಯನ್ನು ಒಮ್ಮೆಯೂ ತಿರುಗಿ ನೋಡದ ತನ್ನ ಮೇಲೂ ಅವಳಿಗೆ ಅಷ್ಟೇ ಹೇಸಿಗೆಯಾಯಿತು.

ಮರುದಿನ ‘ಹೆಣ್ಣು’ ಎಂದು ಬರೆದಳು. ಹಳೆಯ ವರದಿ ತಪ್ಪು, ಮರುಪರೀಕ್ಷೆ ಮಾಡದಿದ್ದದ್ದು ತನ್ನ ತಪ್ಪು ಎಂದೂ ಸೇರಿಸಿದಳು. ಪೊಲೀಸರು ಆ ತಾಯಿಯನ್ನು ಹುಡುಕಿ, ರಕ್ತದ ಮಾದರಿ ಕೊಡಲು ಕರೆತಂದರು.

“ದವಡೆ ಅವಳ ಅಪ್ಪನದು,” ಎಂದಳು ತಾಯಿ, ತೋಳು ಚಾಚುತ್ತ. “ಶಾಲೇಲಿ ಎಲ್ಲರೂ ಆಡ್ಕೊಳ್ತಿದ್ರು. ಅವತ್ತು ಆ ಸಾಹೇಬರಿಗೆ ಇದನ್ನೇ ಹೇಳೋಕೆ ಬಾಗಿಲಲ್ಲಿ ಕೂತಿದ್ದೆ.”

ತಜ್ಞೆ ಆ ಮಾತನ್ನೂ ಕಡತದಲ್ಲಿ ಬರೆದುಕೊಂಡಳು.

ಮೂರು ವಾರಕ್ಕೆ ತಾಯಿಯ ರಕ್ತದ ಡಿಎನ್‌ಎ ಮೂಳೆಯದರೊಂದಿಗೆ ತಾಳೆಯಾಯಿತು. ಮಗಳನ್ನು ಒಯ್ಯಲು ಬಂದ ದಿನ ತಾಯಿ ದೂರು ಕೊಡಲು ಹಳೆಯ ವರದಿಯ ನಕಲನ್ನೂ ಕೇಳಿದಳು. ತಜ್ಞೆ ಯಾರ ಅಪ್ಪಣೆಗೂ ಕಾಯದೆ ಕೊಟ್ಟಳು.