ಇಟ್ಟಿಗೆಗೆ ಇಟ್ಟಿಗೆ

ನಗರದ ಬಸ್ ಓಡಿಸುತ್ತಿದ್ದ ಡ್ರೈವರ್‌ಗೂ ಅವನ ಹೆಂಡತಿಗೂ ಸ್ವಂತದ್ದೊಂದು ಮನೆ ಕಟ್ಟಿಸುವ ಆಸೆ. ಹೊಟ್ಟೆಬಟ್ಟೆ ಕಟ್ಟಿ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂಡಿಟ್ಟಿದ್ದರು. ಅಷ್ಟರಲ್ಲಿ ಸರ್ಕಾರ ಹಣದ ಮೌಲ್ಯ ಇಳಿಸಿತು. ಬಸ್ಸಿನ ಟಿಕೆಟ್ ದರ ಮೇಲಿಂದ ಮೇಲೆ ಏರಿತು. ಬ್ಯಾಂಕಿನಲ್ಲಿದ್ದ ಮೊತ್ತ ಹಾಗೆಯೇ ಇತ್ತು. ಅದರಲ್ಲಿ ಕಟ್ಟಬಹುದಾದ ಮನೆ ಮಾತ್ರ ಕಿರಿದಾಗುತ್ತ ಬಂತು. ಮೊದಲು ಅಂಗಳ ಹೋಯಿತು, ಆಮೇಲೆ ಒಂದು ಕೋಣೆ.

"ಚಿನ್ನ ತಗೊಂಡುಬಿಡೋಣ ರೀ" ಎಂದಳು ಹೆಂಡತಿ.

"ಚಿನ್ನ ಇಟ್ಕೊಂಡು ಈ ಬಾಡಿಗೆ ಮನೇಲಿ ನಿದ್ದೆ ಬರುತ್ತಾ ನಿಂಗೆ? ಮನೆ ಕಟ್ಟೋಕೆ ತಾನೇ ಕೂಡಿಟ್ಟಿದ್ದು? ಇಟ್ಟಿಗೆನೇ ತಗೊಳ್ಳೋಣ."

ನಿವೇಶನ ಇರಲಿಲ್ಲ. ಊರಂಚಿನಲ್ಲಿದ್ದ ಹೆಂಡತಿಯ ತಮ್ಮನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಇಟ್ಟಿಗೆ ಇಳಿಸಿದರು. ಭಾವಮೈದ ಗೋಡೆಗೆ ಬಣ್ಣ ಬಳಿಯುವವನು. "ಭಾವ, ಇವಕ್ಕೆ ತಿಂಗಳಿಗೆಷ್ಟು ಬಾಡಿಗೆ ಕೊಡ್ತೀರ?" ಎಂದು ನಕ್ಕ. ಡಿಪೋದಲ್ಲಿ ಡ್ರೈವರ್‌ಗೆ 'ಇಟ್ಟಿಗೆ ಸಾಹುಕಾರ' ಎಂದು ಹೆಸರು ಬಿತ್ತು. ಇಟ್ಟಿಗೆಯ ಬೆಲೆ ದುಪ್ಪಟ್ಟಾದ ಮೇಲೆ ಹೆಸರು ಹಾಗೇ ಉಳಿಯಿತು, ನಗು ನಿಂತಿತು.

ಆಗಲೇ, ಭಾವಮೈದನ ಜೊತೆಗಿದ್ದ ಅತ್ತೆ ಅವನ ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದು. ಮಲಗುವ ಕೋಣೆಗಳೆಲ್ಲ ಮೇಲೆ. ಆಕೆಗೆ ಕೆಳಗೊಂದು ಕೋಣೆ ಆಗಲೇಬೇಕಿತ್ತು.

"ಭಾವ, ನೀವು ಕೊಂಡ ಬೆಲೆಗೇ ಸ್ವಲ್ಪ ಇಟ್ಟಿಗೆ ಕೊಡಿ" ಎಂದು ಭಾವಮೈದ ತಲೆ ತಗ್ಗಿಸಿಕೊಂಡು ಕೇಳಿದ.

ಡ್ರೈವರ್‌ಗೆ ಯಾವ ಲೆಕ್ಕವೂ ಸರಿಹೋಗಲಿಲ್ಲ. ಹಳೇ ಬೆಲೆಗೆ ಕೊಟ್ಟರೆ ಅರ್ಧ ಮನೆ ಕೈಬಿಟ್ಟಂತೆ. ಇವತ್ತಿನ ಬೆಲೆ ಕೇಳಿದರೆ ಅತ್ತೆಯ ಮುರಿದ ಸೊಂಟದ ಮೇಲೆ ಲಾಭ ಮಾಡಿದಂತೆ. ಮರುದಿನ ಎರಡು ಕಡೆ ನಿಲ್ದಾಣದಲ್ಲಿ ಬಸ್ ನಿಲ್ಲಿಸುವುದನ್ನೇ ಮರೆತು ಜನರ ಬಾಯಿಗೆ ಸಿಕ್ಕಿದ. ಹೆಂಡತಿಯನ್ನು ಕೇಳಿದರೆ, "ನಮ್ಮಮ್ಮ ಅಲ್ವಾ, ನಾನೇನು ಹೇಳಿದ್ರೂ ತಪ್ಪಾಗುತ್ತೆ" ಎಂದು ಪಾತ್ರೆ ತೊಳೆಯಲು ಹೋದಳು.

ಕೊನೆಗೆ ಅವನೇ ಭಾವಮೈದನ ಮನೆಗೆ ಹೋದ. "ಬೆಲೆ ಮಾತೇ ಬೇಡ ಕಣೋ. ಬೇಕಾದಷ್ಟು ಇಟ್ಟಿಗೆ ತಗೊ. ಕೈಲಾದಾಗ ಇಟ್ಟಿಗೇನೇ ವಾಪಸ್ ತಂದು ಹಾಕು."

"ಬೆಲೆ ಇನ್ನೂ ಏರಿದ್ರೆ?"

"ಏರಿದ್ರೆ ನಿಂಗೆ ಕಷ್ಟ, ಇಳಿದ್ರೆ ನಂಗೆ. ದುಡ್ಡಲ್ಲಿ ತಗೊಂಡ್ರೆ ನಷ್ಟ ಯಾವಾಗ್ಲೂ ನಂದೇ ಆಗುತ್ತಲ್ಲಪ್ಪ."

ಭಾವಮೈದನ ಮುಖ ಹುಳ್ಳಗಾಯಿತು, ಆದರೂ ಒಪ್ಪಿದ. ಕೋಣೆ ಎದ್ದಿತು. ಅತ್ತೆಯ ಮಂಚ ಕಿಟಕಿಯ ಪಕ್ಕಕ್ಕೆ ಬಂತು. ಕೆಲಸ ಸಿಕ್ಕಾಗಲೆಲ್ಲ ಅವನು ಒಂದೊಂದು ಗಾಡಿ ಇಟ್ಟಿಗೆ ತಂದು ಹಾಕತೊಡಗಿದ. ಒಂದು ದಿನ ಡ್ರೈವರ್ ಹೊಸ ಇಟ್ಟಿಗೆಯನ್ನು ಹಳೆಯದರ ಮೇಲಿಟ್ಟು ನೋಡಿದರೆ, ಹೆಬ್ಬೆರಳಿನಗಲ ಗಿಡ್ಡ.

"ನಾನೇನು ಮಾಡ್ಲಿ ಭಾವ? ಬೆಲೆ ಏರಿಸಿದ್ದು ಸಾಲ್ದು ಅಂತ ಭಟ್ಟಿಯವರು ಇಟ್ಟಿಗೇನೂ ಸವರಿದ್ದಾರೆ. ಈಗ ಎಲ್ಲಾ ಕಡೆ ಇದೇ ಅಳತೆ."

ಡ್ರೈವರ್‌ಗೆ ಮೈಯೆಲ್ಲ ಉರಿಯಿತು. ಯಾರನ್ನು ಬಯ್ಯಬೇಕೆಂದು ಮಾತ್ರ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಅತ್ತೆ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಜಾಗದ ಬೆಲೆ ಕೇಳಿದ್ದೀರಾ ಅಳಿಯಂದ್ರೆ? ಇನ್ನು ಅದರ ಆಸೆ ಬಿಡಿ. ನನ್ನ ಕೋಣೆ ಮೇಲೇ ಕಟ್ಕೊಳ್ಳಿ. ನಾನಂತೂ ಓಡಾಡೋ ಹಾಗಿಲ್ಲ, ನೀವು ಓಡಾಡೋ ಸದ್ದಾದ್ರೂ ಕೇಳ್ಕೊಂಡಿರ್ತೀನಿ."

ಭಾವಮೈದ ತಡಮಾಡದೆ ಹೂಂ ಎಂದ. ಮೇಸ್ತ್ರಿ ಹಳೇ ಇಟ್ಟಿಗೆಯನ್ನು ಹೊರಗೋಡೆಗೆ, ಗಿಡ್ಡವನ್ನು ಒಳಗಿನ ಅಡ್ಡಗೋಡೆಗೆ ಹಾಕಿದ. ಒಂದೇ ಕೋಣೆ, ಒಂದು ಅಡುಗೆಮನೆ. ಬಣ್ಣ ಮಾತ್ರ ಭಾವಮೈದನದೇ ಕೈಕೆಲಸ, ಪುಕ್ಕಟೆ. ಬರಬೇಕಾಗಿದ್ದ ಉಳಿದ ಇಟ್ಟಿಗೆಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ. ಎತ್ತೋಣವೇ ಎಂದು ಡ್ರೈವರ್‌ಗೆ ಆಗೀಗ ಅನ್ನಿಸಿದ್ದುಂಟು.