ಒಂದು ಹೊಸದು, ಮೂರು ಹಳೆಯದು

ತಾವ್ ಅಕ್ಕನ ಅಂಗಡಿ ತಾಲ್ಲೂಕು ಆಸ್ಪತ್ರೆಯ ಹಿಂಬಾಗಿಲಿನ ಎದುರಿಗೇ ಇದೆ. ಮಗುವನ್ನು ಎತ್ತಿಕೊಂಡು ಹೊರಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ನಮ್ಮ ಹಾಲಿನ ಪುಡಿಯ ಡಬ್ಬಗಳು, ನೆಲದಿಂದ ಸೂರಿನವರೆಗೆ. ನಾಲ್ಕು ವರ್ಷದಿಂದ ಆ ಡಬ್ಬಗಳ ಮುಂದೆ ನಿಂತು ಕೆಲಸ ಮಾಡುತ್ತಿದ್ದೇನೆ. ನಾನು ಡಬ್ಬ ಮಾರುತ್ತೇನೆಂದು ಜನ ತಿಳಿದಿದ್ದಾರೆ. ಡಬ್ಬ ತಾನೇ ಮಾರಾಟವಾಗುತ್ತದೆ. ಒಂದು ಹಾಲಿಗೆ ಒಗ್ಗಿದ ಮಗುವನ್ನು ಇನ್ನೊಂದು ಹಾಲಿಗೆ ತರುವುದು ನನ್ನ ಕೆಲಸ.

ಯಾವ ಮಗು ಯಾವ ಹಾಲು ಕುಡಿಯುತ್ತದೆ, ದಿನಕ್ಕೆಷ್ಟು ಬೇಕು, ಡಬ್ಬ ಎಂದು ಖಾಲಿಯಾಗುತ್ತದೆ, ಎಲ್ಲವೂ ಅಂಗಡಿಯ ಕಂಪ್ಯೂಟರಿನಲ್ಲಿದೆ. ಖಾಲಿಯಾಗುವ ಎರಡು ದಿನ ಮೊದಲು ಮಗುವಿನ ಹೆಸರು ಕೆಂಪಗಾಗುತ್ತದೆ. ಆಗ ನಾನು ಫೋನ್ ಮಾಡುತ್ತೇನೆ. ಹಾಲು ಬದಲಿಸಿದ ತಾಯಂದಿರು ನನ್ನ ಫೋನಿಗೆ ಡೈಪರಿನ ಚಿತ್ರ ಕಳಿಸುತ್ತಾರೆ, ಅದೂ ಸರಿಯಾಗಿ ನಾನು ನೂಡಲ್ಸ್ ಬಟ್ಟಲಿಗೆ ಕೈಹಾಕುವ ಹೊತ್ತಿಗೆ. ನೋಡಿಕೊಂಡೇ ತಿನ್ನುತ್ತೇನೆ. ಹಸಿರಿದ್ದರೆ ಹೆದರಬೇಡಿ, ಗಟ್ಟಿಯಾಗಿದ್ದರೆ ನೀರು ನೋಡಿ, ಏಳು ದಿನ ತಾಳಿ ಎಂದು ಒಂದೇ ಕೈಯಲ್ಲಿ ಬರೆದು ಕಳಿಸುತ್ತೇನೆ.

ಹಾಲು ಬದಲಿಸುವ ಕ್ರಮಕ್ಕೆ ಒಂದು ಚೀಟಿಯಿದೆ. ಮೊದಲ ಎರಡು ದಿನ ಒಂದು ಚಮಚ ಹೊಸದಕ್ಕೆ ಮೂರು ಚಮಚ ಹಳೆಯದು. ಆಮೇಲೆ ಎರಡಕ್ಕೆ ಎರಡು. ಆಮೇಲೆ ಮೂರಕ್ಕೆ ಒಂದು. ಏಳನೆಯ ದಿನ ಪೂರ್ತಿ ಹೊಸದು. ಅದರ ಕೆಳಗೆ ಒಮ್ಮೆ ನಾನು ಪೆನ್ನಿನಲ್ಲಿ ಒಂದು ಸಾಲು ಸೇರಿಸಿದ್ದೆ: 'ಮಗು ಮುಖ ತಿರುಗಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಅವಸರ ಬೇಡ.' ತಾವ್ ಅಕ್ಕನಿಗೆ ಅದು ಬಹಳ ಹಿಡಿಸಿತು. ನನ್ನ ಕೈಬರಹ ಇದ್ದಂತೆಯೇ ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿದಳು. ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೂ ಒಂದಿದೆ.

ಮೈಮೈ ಗೋಧಿ ಕಟಾವಿನ ವಾರದಲ್ಲಿ ಹುಟ್ಟಿದಳು. ಗೋಧಿಗೆ ನಮ್ಮಲ್ಲಿ ಮೈ ಎನ್ನುವುದರಿಂದ ಅತ್ತೆಯೇ ಆ ಹೆಸರಿಟ್ಟರು. ನಾಲ್ಕನೆಯ ತಿಂಗಳು ನಾನು ಅಂಗಡಿಗೆ ಮರಳಿದೆ, ಎದೆಹಾಲು ಹಿಂಗಿತು, ಮಗು ಡಬ್ಬದ ಹಾಲಿಗೆ ಬಂದಳು. ಗಂಡ ಚಿಂಗ್‌ಷಾನ್ ದೂರದ ಸುಝೌ ನಗರದಲ್ಲಿ ಟೈಲ್ಸ್ ಕೂರಿಸುವ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅತ್ತೆ, ಮಗು, ನಾನು. ಪುಡಿಯನ್ನು ಅಳೆದು ನಾಲ್ಕು ಖಾನೆಯ ಪುಟ್ಟ ಡಬ್ಬಿಯಲ್ಲಿ ತುಂಬಿಡುವುದು ಅತ್ತೆಯ ಪಾಲಿನ ಕೆಲಸ. ನಾನು ಮನೆಯಲ್ಲಿರುವಾಗ ಒಂದು ಖಾನೆಯದನ್ನು ಬಾಟಲಿಗೆ ಸುರಿದು, ಬಿಸಿನೀರು ಹಾಕಿ ಕುಲುಕಿದರೆ ಮುಗಿಯಿತು.

ಐದನೆಯ ತಿಂಗಳಲ್ಲಿ ಅವಳ ಕೆನ್ನೆಗಳು ಕೆಂಪಾಗಿ, ಒಡೆದು, ನೀರು ಜಿನುಗತೊಡಗಿದವು. ಒಂದು ಬೆಳಿಗ್ಗೆ ಡೈಪರಿನಲ್ಲಿ ಕೂದಲೆಳೆಯಷ್ಟು ರಕ್ತ ಕಂಡಿತು. ಎಷ್ಟೋ ಜನರ ಚಿತ್ರ ನೋಡಿದವಳು ನಾನು. ಈ ಡೈಪರನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆ.

ಆಸ್ಪತ್ರೆಯ ಡಾಕ್ಟರಮ್ಮ ಹಸುವಿನ ಹಾಲು ಇವಳ ಮೈಗೆ ಆಗುತ್ತಿಲ್ಲವೆಂದು ಕಾಣುತ್ತದೆ ಎಂದರು. ಹಾಲಿನ ಪ್ರೋಟೀನನ್ನೆಲ್ಲ ಪೂರ್ತಿ ಒಡೆದು ಮಾಡಿದ ಬೇರೆ ಪುಡಿಯ ಹೆಸರು ಬರೆದುಕೊಟ್ಟರು. ಎರಡು ವಾರ ಅದೊಂದೇ, ಹಳೆಯದು ಒಂದು ಚಮಚವೂ ಬೇಡ ಎಂದರು. ಅದು ಕಹಿ, ಬಹಳ ಮಕ್ಕಳು ಕುಡಿಯುವುದಿಲ್ಲ ಎಂದೂ ಹೇಳಿದರು. ನಮ್ಮ ಅಂಗಡಿಯಲ್ಲೇ ಅದರ ಮೂರು ಡಬ್ಬವಿತ್ತು. ಅಷ್ಟನ್ನೂ ಎತ್ತಿಕೊಂಡು ಮನೆಗೆ ಓಡಿದೆ. ಅಂದು ಅಂಗಡಿಗೆ ಹೊಸ ಸರಕು ಬರುವುದಿತ್ತು, ತಾವ್ ಅಕ್ಕನ ಫೋನು ಎರಡು ಸಲ ಬಂದಾಗಿತ್ತು. ಮಗುವನ್ನೂ ಡಬ್ಬಗಳನ್ನೂ ಬಾಗಿಲಲ್ಲೇ ಅತ್ತೆಯ ಕೈಗಿತ್ತು ಚಪ್ಪಲಿ ಬಿಡದೆ ಹೇಳಿದೆ:

"ಅಮ್ಮ, ಇವತ್ತಿಂದ ಇವಳಿಗೆ ಈ ಹಾಲು. ಹೇಗೆ ಬದಲಾಯಿಸೋದು ಅಂತ ನಿಮಗೆ ಗೊತ್ತಲ್ಲ."

"ಗೊತ್ತು ಹೋಗು, ಚೀಟಿ ಇದೆಯಲ್ಲ" ಎಂದರು ಅತ್ತೆ.

ಆ ಮಾತು ಕಿವಿಗೆ ಬಿತ್ತು. ನನ್ನ ತಲೆಯಲ್ಲಿ ಆಗಲೇ ಸರಕಿನ ಲಾರಿ ಬಂದು ನಿಂತಿತ್ತು.

ಮೂರನೆಯ ದಿನ ಮಗು ಸ್ವಲ್ಪ ಮುಖ ತಿರುಗಿಸಿದಳಂತೆ, ಮರುದಿನ ಸರಿಹೋದಳಂತೆ. ನಾನೇ ಕುಡಿಸಿದಾಗಲೂ ಗಟಗಟ ಕುಡಿದಳು. ಎಲ್ಲರೂ ಕಹಿ ಎನ್ನುವ ಹಾಲನ್ನು ನನ್ನ ಮಗಳು ತುಟಿ ಚಪ್ಪರಿಸಿ ಕುಡಿಯುತ್ತಾಳೆಂದು ತಾವ್ ಅಕ್ಕನ ಮುಂದೆ ಜಂಬ ಕೊಚ್ಚಿದೆ. ಹಾಲಿನ ಅಂಗಡಿಯವಳ ಮಗಳಲ್ಲವೇ, ಹೊಟ್ಟೆಯಲ್ಲೇ ತರಬೇತಿಯಾಗಿದೆ ಎಂದು ಅವಳು ನಕ್ಕಳು.

ಆದರೆ ಕೆನ್ನೆ ತಿಳಿಯಾಗಲಿಲ್ಲ. ರಕ್ತದ ಎಳೆ ಮತ್ತೆ ಎರಡು ಸಲ ಕಂಡಿತು. ದಿನಕ್ಕೊಂದು ಚಿತ್ರ ತೆಗೆದು, ರಾತ್ರಿ ಗಂಡನಿಗೆ ಕಳಿಸಿ, ನಿನ್ನೆಗಿಂತ ಕಡಿಮೆಯಾಗಿದೆಯೇ ಎಂದು ಕೇಳುತ್ತಿದ್ದೆ. ಅವನು ಒಂದು ದಿನ ಹೌದೆನ್ನುತ್ತಿದ್ದ, ಒಂದು ದಿನ ಇಲ್ಲವೆನ್ನುತ್ತಿದ್ದ. ಒಂಬತ್ತನೆಯ ದಿನ, ನನಗೇನು ಗೊತ್ತಾಗುತ್ತೆ, ಅಲ್ಲಿರೋಳು ನೀನು ಎಂದ. ಇಷ್ಟು ದಿನವಾದರೂ ಹಿಡಿಯದ ಹಾಲು ಇನ್ನು ಹಿಡಿಯುವುದಿಲ್ಲ, ಆಡಿನ ಹಾಲಿನ ಪುಡಿ ನೋಡು ಎಂದಳು ತಾವ್ ಅಕ್ಕ. ಇದೇ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿಲ್ಲ. ಆಡಿನ ಹಾಲೂ ಹಸುವಿನದರ ಹಾಗೇ, ಇವಳಿಗೆ ಆಗದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿತ್ತು. ಆದರೂ ಹತ್ತನೆಯ ದಿನ ಮಧ್ಯಾಹ್ನ ಒಂದು ಡಬ್ಬ ಇಳಿಸಿ ನನ್ನ ಚೀಲದಲ್ಲಿಟ್ಟುಕೊಂಡೆ. ಏನಾದರೂ ಒಂದನ್ನು ಮಾಡುತ್ತಿರಬೇಕು ಅನ್ನಿಸಿತ್ತು.

ಅದನ್ನು ಲೆಕ್ಕಕ್ಕೆ ಹಾಕಲು ಕಂಪ್ಯೂಟರಿನ ಮುಂದೆ ಕೂತೆ. ಪಟ್ಟಿಯಲ್ಲಿ ಒಂದು ಹೆಸರು ಕೆಂಪಗಿತ್ತು. ಮೈಮೈ. ತಾಯಿ: ಯಾಚಿನ್. ಮೂರು ಡಬ್ಬ, ಹನ್ನೆರಡು ದಿನ, ಇನ್ನು ಎರಡು ದಿನದಲ್ಲಿ ಖಾಲಿ. ತಾವ್ ಅಕ್ಕ ರೂಢಿಯಂತೆ ನನ್ನ ಮಗಳನ್ನೂ ಪಟ್ಟಿಗೆ ಸೇರಿಸಿದ್ದಳು. ಉಳಿದವರಿಗೆ ಮಾಡುವ ಹಾಗೆಯೇ ಮನೆಗೆ ಫೋನ್ ಮಾಡಿ, ಮೂರನೆಯ ಡಬ್ಬದಲ್ಲಿ ಎಷ್ಟು ಉಳಿದಿದೆ ಅಮ್ಮ ಎಂದು ಕೇಳಿದೆ.

"ಮೂರನೇದಾ? ಎರಡನೇದನ್ನೇ ಇನ್ನೂ ಒಡೆದಿಲ್ಲ."

ಮನೆಗೆ ಹೋಗಿ ಮೊದಲ ಡಬ್ಬ ತೆರೆದು ನೋಡಿದೆ. ಇನ್ನೂ ಮೂರನೇ ಒಂದು ಭಾಗ ಇತ್ತು. ಪಕ್ಕದಲ್ಲಿ ಹಳೆಯ ಹಾಲಿನ ಡಬ್ಬ, ಅದರ ಚಮಚ ಪುಡಿಯಲ್ಲಿ ನೆಟ್ಟಗೆ ನಿಂತಿತ್ತು. ಅತ್ತೆ ಮೈಮೈಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಚೀಟೀಲಿ ಇರೋ ಹಾಗೇ ಮಾಡಿದೀನಿ" ಎಂದರು. "ಒಂದು ಹೊಸದು, ಮೂರು ಹಳೇದು. ಎರಡಕ್ಕೆರಡು ಹಾಕಿದ ದಿನ ಉಗಿದ್ಲು. ಅದಕ್ಕೇ ಒಂದು ಹೆಜ್ಜೆ ಹಿಂದಕ್ಕೆ ಬಂದೆ. ಅವಸರ ಮಾಡ್ಲಿಲ್ಲ." ಆಮೇಲೆ, "ನಿನ್ನ ಕೈಬರಹಾನೇ ಅಲ್ವೇನಮ್ಮ ಅದು?" ಎಂದರು.

ನನ್ನದೇ ಎಂದೆ. ಡಾಕ್ಟರಮ್ಮನ ಮಾತನ್ನು ಆಗ ಪೂರ್ತಿಯಾಗಿ ಹೇಳಿದೆ. ಬಾಗಿಲಲ್ಲಿ ನಿಂತಾಗ ಹೇಳಿದ್ದರೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಈಗಲೂ ಅಷ್ಟೇ ಹಿಡಿಯಿತು. ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯತೊಡಗಿದರು. ಅಂದಿನ ಅಡುಗೆಗೆ ಬೆಳ್ಳುಳ್ಳಿ ಬೇಕಿರಲಿಲ್ಲ. ಒಂದು ಇಡೀ ಗಡ್ಡೆ ಸುಲಿದರು.

ಮರುದಿನ ಡಾಕ್ಟರಮ್ಮ ಬೈಯಲಿಲ್ಲ. ಈ ಹತ್ತು ದಿನ ಲೆಕ್ಕಕ್ಕಿಲ್ಲ, ಮೊದಲಿನಿಂದ ಎರಡು ವಾರ ಎಂದರು. ತೂಕ ನೋಡಿದರು. ಆರು ಕಿಲೋ ಇನ್ನೂರು ಗ್ರಾಂ, ತಿಂಗಳಿನಿಂದ ಕದಲಿರಲಿಲ್ಲ.

"ಆರಕ್ಕಿಂತ ಕೆಳಗೆ ಬಂದ್ರೆ ಅಡ್ಮಿಟ್ ಮಾಡಿಬಿಡಿ. ಮೂಗಿನಲ್ಲಿ ನಳಿಕೆ ಹಾಕಿ ಹಾಲು ಕೊಡ್ಬೇಕಾಗುತ್ತೆ."

ಆಡಿನ ಹಾಲಿನ ಡಬ್ಬವನ್ನು ಅಂಗಡಿಗೆ ಮರಳಿಸಿ ನಾಲ್ಕು ದಿನ ರಜೆ ಕೇಳಿದೆ. ಹಳೆಯ ಹಾಲಿನ ಡಬ್ಬವನ್ನು ಅತ್ತೆ ಪಕ್ಕದ ಮನೆಗೆ ಕೊಟ್ಟುಬಂದರು. ಅದು ಮನೆಯಲ್ಲಿದ್ದರೆ ತಮ್ಮ ಕೈ ತಡೆಯಲಾರದು ಎಂದರು.

ಪೂರ್ತಿ ಹೊಸ ಹಾಲಿನ ಮೊದಲ ಬಾಟಲಿಯನ್ನು ಮೈಮೈ ಎರಡು ಗುಟುಕು ಎಳೆದಳು. ಆಮೇಲೆ ನಿಪ್ಪಲನ್ನು ನಾಲಿಗೆಯಿಂದ ಹೊರಕ್ಕೆ ತಳ್ಳಿ ನನ್ನ ಮುಖ ನೋಡಿದಳು. ಕೋಪವಲ್ಲ. ನಾನು ಏನೋ ತಪ್ಪಾಗಿ ತಂದಿದ್ದೇನೆ, ಸರಿಮಾಡಿ ತರುತ್ತೇನೆ ಎಂದು ಕಾಯುವವಳ ಹಾಗೆ. ಮತ್ತೆ ಇಟ್ಟೆ. ತುಟಿ ಬಿಗಿದಳು. ಏಳುನೂರು ಮಿಲಿ ಕುಡಿಯುವ ಮಗು ಅಂದು ನೂರೆಂಬತ್ತು ಕುಡಿದಳು.

ಅತ್ತೆ ಒಂದು ಗುಟುಕು ರುಚಿ ನೋಡಿದರು. "ಹಾಗಲಕಾಯಿ ಬೇಯಿಸಿದ ನೀರಲ್ಲಿ ನೆಲದ ಬಟ್ಟೆ ಹಿಂಡಿದ ಹಾಗಿದೆ. ನೀನು ಕುಡಿ ನೋಡೋಣ."

ಅರ್ಧ ಲೋಟ ಕುಡಿದೆ, ನಗುನಗುತ್ತಾ, ಮಗುವಿನ ಎದುರಿಗೆ. ನನ್ನ ಮೇಲ್ದುಟಿಗೆ ಮೀಸೆಯಂತೆ ಅಂಟಿದ ಹಾಲು ನೋಡಿ ಅವಳು ಬಾಯಿ ತೆರೆದು ನಕ್ಕಳು. ಅತ್ತೆ ತಕ್ಷಣ ನಿಪ್ಪಲು ಇಟ್ಟರು. ನಗು ಅಲ್ಲಿಗೇ ನಿಂತಿತು, ಬಾಯಿ ಮುಚ್ಚಿತು.

ಎರಡನೆಯ ದಿನ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಹಿಟ್ಟು ತರಲು ಹೋದಾಗ ದಾರಿಯಲ್ಲಿ ಷಿತೌನ ಅಮ್ಮ ಸಿಕ್ಕಳು. ಮೆಣಸಿನ ಸೂಪಿನ ತಳ್ಳುಗಾಡಿ ಇಟ್ಟುಕೊಂಡವಳು. ಹೋದ ವರ್ಷ ಅವಳ ಮಗನಿಗೆ ನಾನು ಎರಡು ತಿಂಗಳಲ್ಲಿ ಮೂರು ಸಲ ಹಾಲು ಬದಲಿಸಲು ಹೇಳಿದ್ದೆ. ಸಂಗತಿ ಕೇಳಿ ಅವಳು ನನಗೆ ನನ್ನದೇ ಮಾತು ಹೇಳಿದಳು. ಹಸಿವಾದರೆ ತಾನೇ ಕುಡಿಯುತ್ತಾಳೆ, ತಾಳ್ಮೆ ಇರಲಿ ಎಂದಳು. ಚುಚ್ಚಲು ಹೇಳಿದ್ದಲ್ಲ. ನಂಬಿಯೇ ಹೇಳಿದಳು. ಷಿತೌಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದೆ. ಆಗ ನಾನು ಕೇಳಿರಲಿಲ್ಲ.

"ನಾಲ್ಕು ದಿನ, ಯಾಚಿನ್ ಅಕ್ಕ. ಆ ನಾಲ್ಕು ದಿನ ನನ್ನ ಗಂಟಲಲ್ಲೂ ಏನೂ ಇಳೀಲಿಲ್ಲ. ನಿಮಗೆ ಬರೆದಿದ್ದೆನಲ್ಲ. ನೀವು ಬರೀ ಹೆಬ್ಬೆರಳಿನ ಚಿತ್ರ ಕಳಿಸಿದ್ರಿ."

ಒಂದು ಡಬ್ಬಿ ಸೂಪು ತುಂಬಿಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ ಅವಳು. ನಾನು ಅದನ್ನು ಮುಟ್ಟಲಿಲ್ಲ. ಮನೆಗೆ ತಂದು ಅತ್ತೆಗೆ ಕೊಟ್ಟೆ.

ಮೂರನೆಯ ದಿನ ಮಧ್ಯಾಹ್ನದ ನಿದ್ದೆಯಲ್ಲಿ ಮೈಮೈಯ ತುಟಿ ತಾನಾಗಿ ಚೀಪುವಂತೆ ಆಡುತ್ತಿತ್ತು. ಮೆಲ್ಲಗೆ ನಿಪ್ಪಲು ಇಟ್ಟೆ. ಎಳೆದುಕೊಂಡಳು. ಹತ್ತು, ಇಪ್ಪತ್ತು, ನಲವತ್ತು. ಅತ್ತೆ ಬಗ್ಗಿ ಬಾಟಲಿಯ ಗೆರೆಗಳನ್ನು ನೋಡುತ್ತಿದ್ದರು. ಅರವತ್ತಕ್ಕೆ ಮಗು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಬಾಯಿ ಬಿಗಿಯಿತು, ಒಳಗಿದ್ದದ್ದೂ ಹೊರಗೆ ಬಂತು, ಅಳು ಶುರುವಾಯಿತು.

"ಇನ್ನೊಂದ್ಸಲ ನಿನ್ನ ಮುಖ ಕಾಣದ ಹಾಗೆ ಹಿಡ್ಕೋ" ಎಂದರು ಅತ್ತೆ, ಗೋಡೆಯ ಕಡೆಗೆ ಕೈ ತೋರಿಸಿ.

ಸಂಜೆಯಾಗುವ ಮೊದಲು ಅವರು ಅಟ್ಟದಿಂದ ತೂಗುಗೋಲು ಇಳಿಸಿದರು. ಹತ್ತಿ, ಕಡಲೆಕಾಯಿ ತೂಗುತ್ತಿದ್ದ ಹಳೆಯ ಕೋಲು. ಮೈಮೈಯನ್ನು ದುಪ್ಪಟಿಯಲ್ಲಿ ಗಂಟುಕಟ್ಟಿ ಕೊಕ್ಕೆಗೆ ಸಿಕ್ಕಿಸಿ ಎತ್ತಿದರು. ನಾನು ಕೆಳಗೆ ಎರಡೂ ಕೈ ಒಡ್ಡಿ ನಿಂತೆ. ಗಂಟಿನೊಳಗಿಂದ ಅವಳು ತನಗೆ ಉಯ್ಯಾಲೆ ಆಡಿಸುತ್ತಿದ್ದಾರೆಂದು ಕೇಕೆ ಹಾಕಿದಳು. ಅತ್ತೆ ತೂಕದ ಗುಂಡನ್ನು ಆಸ್ಪತ್ರೆಯಲ್ಲಿ ಬಂದ ತೂಕದ ಗೆರೆಯ ಮೇಲಿಟ್ಟರು. ಗುಂಡಿನ ಕಡೆಯ ತುದಿ ಕೆಳಗಿಳಿಯಿತು, ಮಗು ಈಗ ಅಷ್ಟು ತೂಗುತ್ತಿರಲಿಲ್ಲ. ಒಂದು ಗೆರೆ ಒಳಕ್ಕೆ ಸರಿಸಿದರು. ಆಗಲೂ ಇಳಿದೇ ಇತ್ತು. ಇನ್ನೊಂದು ಗೆರೆ ಸರಿಸಿದರು. ಕೋಲು ಸಮನಾಗಿ ನಿಂತಿತು, ಆರು ಕಿಲೋದ ಗೆರೆಗೆ ಇನ್ನು ಎರಡೇ ಗೆರೆ ಉಳಿದಿತ್ತು.

ಗಂಟು ಬಿಚ್ಚಿ ಮಗುವನ್ನು ಎದೆಗೊರಗಿಸಿಕೊಂಡೆ, ಅವಳ ಮುಖ ಗೋಡೆಯ ಕಡೆಗೆ. ಅತ್ತೆ ಹೊಸ ಬಾಟಲಿಗೆ ನೀರು ಅಳೆದರು, ಪುಡಿ ಹಾಕಿದರು, ಸದ್ದಾಗದಂತೆ ಅಂಗೈಗಳ ನಡುವೆ ಉರುಳಿಸುತ್ತಾ ನಿಂತರು. ಅವಳ ಕಣ್ಣು ಮುಚ್ಚುವುದನ್ನು ನಾವಿಬ್ಬರೂ ಕಾಯತೊಡಗಿದೆವು.