ಕರಡಿಗೆಯ ಒಳಗಿದ್ದದ್ದು

ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬುದ್ಧಿಯಿದ್ದವರು ಪ್ರವಾಸಕ್ಕೂ ಹೊರಡುವುದಿಲ್ಲ. ಅದಕ್ಕೇ ಟೂರು ಕಿಟ್ಟಿ ಆಷಾಢದಲ್ಲಿ ತನ್ನ ಹಳೇ ಬಸ್ಸಿಗೆ ಅರ್ಧ ದರ ಇಡುತ್ತಿದ್ದ. ಶಿವನಸಮುದ್ರ, ತಲಕಾಡು, ನಂಜನಗೂಡು, ಮೂರು ದಿನ, ಊಟ ತಿಂಡಿ ಎಲ್ಲ ಸೇರಿ. ಕಿಟಕಿಗಳಿಗೆ ಗಾಜಿರಲಿಲ್ಲ, ಟಾರ್ಪಾಲಿನ ಪರದೆಯಿತ್ತು. ಇಳಿಬಿಟ್ಟರೆ ಕತ್ತಲಲ್ಲಿ ಕೂರಬೇಕು, ಎತ್ತಿದರೆ ನೆನೆಯಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳ ಕೊಂಡವರ ಹಾಗೆ, ಅರವತ್ತೆರಡನೇ ಇಸವಿಯ ಆ ಆಷಾಢದಲ್ಲೂ ನಲವತ್ತು ಜನ ಟಿಕೆಟ್ ಕೊಂಡಿದ್ದರು. ಅವರಲ್ಲಿ ಸೈಕಲ್ ಶಾಪಿನ ಚಿಕ್ಕಬೈರಪ್ಪನೂ ಒಬ್ಬ.

ಚಿಕ್ಕಬೈರಪ್ಪನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಈಗ ಜಯನಗರದ ಮೂರನೇ ಬ್ಲಾಕು. ಹೊಲ ಇದ್ದ ಕಡೆಯೇ ಒಂದು ಮಳಿಗೆ ಹಿಡಿದು ಮಗ ಸೈಕಲ್ ಬಾಡಿಗೆಗೆ ಬಿಡುತ್ತಿದ್ದ, ರಿಪೇರಿ ಮಾಡುತ್ತಿದ್ದ. ಅವನದೊಂದು ಅಭ್ಯಾಸ, ನೆಲ ನೋಡಿಕೊಂಡೇ ನಡೆಯುವುದು. ಬೋಲ್ಟು, ಗುಂಡಿ, ಕಾಸು, ಒಂದು ಸಲ ಮೂಗುಬೊಟ್ಟು, ಏನು ಕಂಡರೂ ಎತ್ತಿ ಅಂಗಡಿಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಅವನು ಯಾರ ಜೇಬಿಗೂ ಕೈ ಹಾಕಿದವನಲ್ಲ. ಆದರೆ ಬಿದ್ದದ್ದು ಸಿಕ್ಕಿದವನದು ಎಂಬ ಮಾತನ್ನು ವೇದವಾಕ್ಯದಂತೆ ನಂಬಿದ್ದ.

ಹೆಂಡತಿ ಗೌರಮ್ಮನನ್ನೂ ಕರೆದಿದ್ದ. ‘ಮಳೇಲಿ ನೆನೆಯೋಕೆ ದುಡ್ಡು ಯಾಕೆ ಕೊಡಬೇಕು? ಅಂಗಳದಲ್ಲಿ ನಿಂತ್ಕೊಳ್ಳಿ, ಪುಕ್ಕಟೆ,’ ಎಂದಿದ್ದಳು ಅವಳು. ಸರಿ, ಗುಜರಿಯಲ್ಲಿ ಕೊಂಡ ಮಿಲಿಟರಿ ಚೀಲಕ್ಕೆ ಎರಡು ಪಂಚೆ, ಕಂಬಳಿ ತುರುಕಿ, ಬೆನ್ನಿಗೇರಿಸಿಕೊಂಡು ಒಬ್ಬನೇ ಹೊರಟುಬಿಟ್ಟ.

ಸಂಸಾರಸ್ಥರೆಲ್ಲ ಮುಂದಿನ ಸೀಟು ಹಿಡಿದರು. ಒಂಟಿಯಾಗಿ ಬಂದವರು ಇಬ್ಬರೇ. ಅವರನ್ನು ಕಿಟ್ಟಿ ಚಕ್ರದ ಮೇಲಿನ ಕೊನೇ ಬೆಂಚಿಗೆ ತಳ್ಳಿದ. ಎಡಗಡೆಯ ಕಿಟಕಿಗೆ ಚಿಕ್ಕಬೈರಪ್ಪ, ಬಲಗಡೆಯ ಕಿಟಕಿಗೆ ಬಸವಲಿಂಗಮ್ಮ ಎಂಬ ಹೆಂಗಸು, ನಡುವೆ ಇಬ್ಬರ ಚೀಲಗಳು. ಆಕೆಗೆ ಐವತ್ತು ದಾಟಿರಬೇಕು. ತಿಲಕ್ ನಗರದಲ್ಲಿ ಒಬ್ಬರೇ ಇದ್ದರು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಆಕೆಯ ಬೆನ್ನ ಮೇಲೂ ಹೆಗಲಪಟ್ಟಿಯ ಚೀಲವಿತ್ತು. ಅದನ್ನು ಕಂಡು ಮುಂದಿನ ಸೀಟಿನ ಹೆಂಗಸರು ಮುಸಿಮುಸಿ ನಕ್ಕರು, ಆಕೆ ಕ್ಯಾರೇ ಅನ್ನಲಿಲ್ಲ.

‘ಇಪ್ಪತ್ತಾರು ವರ್ಷದಿಂದ ಮ್ಯಾಪಿನ ಮೇಲೆ ಕೋಲಿಟ್ಟು ಮಕ್ಕಳಿಗೆ ಗಗನಚುಕ್ಕಿ ತೋರಿಸ್ತಿದೀನಿ,’ ಎಂದರು ಚಿಕ್ಕಬೈರಪ್ಪನಿಗೆ. ‘ನಾನೇ ನೋಡಿಲ್ಲ. ಜೊತೆಗೆ ಬರೋರನ್ನ ಕಾಯ್ತಾ ಕೂತರೆ ಜೀವಮಾನದಲ್ಲಿ ನೋಡಲ್ಲ ಅನ್ನಿಸ್ತು.’

ಬಸ್ಸು ಬನಶಂಕರಿ ದೇವಸ್ಥಾನದ ಮುಂದೆ ನಿಂತಿತು. ಪ್ರವಾಸ ನಿರ್ವಿಘ್ನವಾಗಲೆಂದು ಅಮ್ಮನವರಿಗೆ ಕಾಯಿ ಒಡೆಸುವುದು ಕಿಟ್ಟಿಯ ಪದ್ಧತಿ. ಎಲ್ಲರೂ ಕೊಡೆ ಬಿಚ್ಚಿಕೊಂಡು ಇಳಿದರು. ಬಸವಲಿಂಗಮ್ಮ ಮಾತ್ರ ಇಳಿಯಲಿಲ್ಲ. ‘ನೀವು ಹೋಗಿ ಬನ್ನಿ. ನನ್ನ ದೇವರು ನನ್ನ ಹತ್ರಾನೇ ಇದೆ,’ ಎಂದು ಬಗ್ಗಿ, ಒದ್ದೆ ಚೀಲವನ್ನು ಬೆಂಚಿನ ಕೆಳಗೆ ತಳ್ಳತೊಡಗಿದರು. ಚಿಕ್ಕಬೈರಪ್ಪ ಹೋಗಿ ಕುಂಕುಮ ಇಟ್ಟುಕೊಂಡು ಬಂದ.

ಬಸ್ಸು ಹೊರಟು ಒಂದು ಹಳ್ಳಕ್ಕೆ ಇಳಿದೆದ್ದಾಗ ಅವನ ಕಾಲಿಗೆ ಏನೋ ಉರುಳಿ ಬಂದು ತಾಗಿತು. ನೋಡಿದ. ಬೆಳ್ಳಿಯ ಕರಡಿಗೆ. ಲಿಂಗಾಯತರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಸಂಪುಟ. ಕಟ್ಟಿದ್ದ ದಾರ ಹಳೆಯದು, ನೆನೆದು ಹರಿದಿತ್ತು. ಬಸವಲಿಂಗಮ್ಮ ಶಾಲು ಹೊದ್ದು ಆ ಕಡೆಗೆ ಮುಖ ಮಾಡಿ ಕೂತಿದ್ದರು. ಯಾರದೆಂದು ಅವನಿಗೆ ತಿಳಿಯದೆ ಇರಲಿಲ್ಲ. ‘ಅಮ್ಮಾ, ನಿಮ್ಮದು ಬಿತ್ತು’ ಎನ್ನಲು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಅವನ ಕಾಲೇ ಮುಂದಾಗಿ ಅದರ ಮೇಲೆ ಕೂತಿತು. ಆಮೇಲೆ ಕೈ ಬಗ್ಗಿತು. ಅಭ್ಯಾಸಬಲ ಎಂದರೆ ಅದು.

ಕಂಬಳಿಯ ಮರೆಯಲ್ಲಿ ತೆರೆದು ನೋಡಿದ. ಒಳಗೆ ಬಿಳಿ ಬಟ್ಟೆಯ ಪುಟ್ಟ ಗಂಟು, ವಿಭೂತಿಯ ವಾಸನೆ. ಗಂಟಿನೊಳಗೆ ಲಿಂಗ. ಚಿಕ್ಕಬೈರಪ್ಪನಿಗೆ ಭಯವಾಯಿತು, ಅವನು ದೈವಭಕ್ತ. ದೇವರ ವಸ್ತುವನ್ನು ಇಟ್ಟುಕೊಳ್ಳುವುದು ಮಹಾಪಾಪ, ಆದರೆ ಬೆಳ್ಳಿ ಬರೀ ಲೋಹ, ಅದಕ್ಕೆ ಯಾವ ಪಾಪ? ಈ ಲೆಕ್ಕ ಅವನಿಗೆ ಬಹಳ ನ್ಯಾಯವಾಗಿ ಕಂಡಿತು. ಇನ್ನೊಂದು ಲಿಂಗ ಯಾವ ಮಠದಲ್ಲಾದರೂ ಕೊಡುತ್ತಾರೆ ಎಂದುಕೊಂಡ. ಹಳೇ ವಿಗ್ರಹ ಆದರೆ ನೀರಿಗೆ ಬಿಡುವುದಿಲ್ಲವೇ? ಎಡಗಡೆಗೆ ಸಾರಕ್ಕಿ ಕೆರೆ ಬಂದಾಗ ಪರದೆಯನ್ನು ಗೇಣುದ್ದ ಎತ್ತಿ ಗಂಟನ್ನು ನೀರಿನ ಕಡೆಗೆ ಎಸೆದ. ಎಸೆದು ಭಕ್ತಿಯಿಂದ ಕೈಮುಗಿದ. ಗಾಳಿ ಎದುರಿಗಿತ್ತು. ಗಂಟು ನೀರಿಗೆ ಬಿತ್ತೋ ದಡಕ್ಕೆ ಬಿತ್ತೋ ಕಾಣಲಿಲ್ಲ. ಖಾಲಿ ಕರಡಿಗೆ ಮಿಲಿಟರಿ ಚೀಲದ ತಳ ಸೇರಿತು.

ಕೋಣನಕುಂಟೆ ದಾಟುವುದರೊಳಗೆ ಇಂಜಿನ್ನಿಗೆ ನೀರು ಹೋಗಿ ಬಸ್ಸು ಕೆಮ್ಮಿ ನಿಂತಿತು. ಡ್ರೈವರು ಬಾನೆಟ್ಟು ಎತ್ತಿದ. ಹೊತ್ತು ಹಾಳಾಗುವುದು ಬೇಡವೆಂದು ಕಿಟ್ಟಿ ಕೂತಲ್ಲಿಗೇ ಮುತ್ತುಗದೆಲೆಯಲ್ಲಿ ಉಪ್ಪಿಟ್ಟು ಹಂಚಿದ. ಬಸವಲಿಂಗಮ್ಮ ಎಲೆ ತೊಡೆಯ ಮೇಲಿಟ್ಟುಕೊಂಡು, ಉಣ್ಣುವ ಮೊದಲು ಲಿಂಗಕ್ಕೆ ಅರ್ಪಿಸಲು ಎದೆಗೆ ಕೈ ಒಯ್ದರು. ಕೈ ಅಲ್ಲೇ ನಿಂತಿತು. ಶಾಲು ತೆಗೆದರು, ಸೆರಗು ಕೊಡವಿದರು, ಚೀಲ ಎಳೆದರು. ಎಲೆ ಕೆಳಗೆ ಬಿದ್ದು ಉಪ್ಪಿಟ್ಟು ಚೆಲ್ಲಿತು.

‘ಏನು ಹುಡುಕ್ತಿದೀರಿ ಮೇಡಂ?’ ಎಂದ ಕಿಟ್ಟಿ.

‘ನನ್ನ ಲಿಂಗ,’ ಎಂದರು.

ಮುಂದಿನ ಸೀಟಿನಿಂದ ಶಾಂತವೀರಪ್ಪ ಎಂಬ ಮುದುಕರು ಎದ್ದು ಬಂದರು. ಅವರೂ ಲಿಂಗಾಯತರೇ, ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ. ಅವರು ಬಸ್ಸಿನ ನೆಲದ ಮೇಲೆ ಮೊಣಕಾಲೂರಿ, ಕೆಸರಿನ ಚಪ್ಪಲಿಗಳ ನಡುವೆ ಕೈಯಾಡಿಸುವುದನ್ನು ನೋಡಿದಾಗ ಚಿಕ್ಕಬೈರಪ್ಪನಿಗೆ ಮೊದಲ ಬಾರಿಗೆ ಇದೇನೋ ಎಡವಟ್ಟಾಯಿತು ಎನ್ನಿಸಿತು. ನೂರು ಪಂಚೆಗಳ ಒಡೆಯ ಹಾಗೆ ನೆಲಕ್ಕೆ ಬೀಳಬೇಕಾದರೆ ಅದು ಬೆಳ್ಳಿಗಲ್ಲ.

‘ಹೋಗ್ಲಿ ಬಿಡಿ ಮೇಡಂ, ನಂಜನಗೂಡಲ್ಲಿ ಇನ್ನೊಂದು ತಗೊಳ್ಳೋಣ. ತಿಂಡಿ ತಿನ್ನಿ,’ ಎಂದ ಕಿಟ್ಟಿ.

ಶಾಂತವೀರಪ್ಪ ತಲೆಯೆತ್ತಿದರು. ‘ಇನ್ನೊಂದು ತಗೊಳ್ಳೋಕೆ ಅದೇನು ಛತ್ರೀನೇನಪ್ಪಾ? ಅದು ಸಿಗೋವರೆಗೂ ಅವರು ಒಂದು ತೊಟ್ಟು ನೀರು ಮುಟ್ಟಲ್ಲ. ಈಗಿನ ಕಾಲದೋರು ಮಠಕ್ಕೆ ಹೋಗಿ ಬೇರೆ ಕಟ್ಟಿಸ್ಕೋತಾರೆ, ಇಲ್ಲ ಅನ್ನಲ್ಲ. ನಮ್ಮ ಸೋದರತ್ತೆ ಒಪ್ಪಲಿಲ್ಲ. ಹೊಳೇಲಿ ಹೋಯ್ತು ಅವರದ್ದು. ಆರು ದಿನ ಇದ್ದರು.’

‘ಆಮೇಲೆ?’ ಎಂದುಬಿಟ್ಟ ಚಿಕ್ಕಬೈರಪ್ಪ.

‘ಆಮೇಲೆ ಏನು. ಮಣ್ಣು ಮಾಡಿದ್ವಿ.’

ಚಿಕ್ಕಬೈರಪ್ಪ ಬಸವಲಿಂಗಮ್ಮನ ಕಡೆ ನೋಡಿದ. ಆಕೆ ಇದನ್ನು ಅಲ್ಲಗಳೆಯುತ್ತಾರೆ ಎಂದು ಕಾದ. ಓದಿದ ಹೆಂಗಸು, ಮಕ್ಕಳಿಗೆ ಪಾಠ ಹೇಳುವವರು, ‘ಅಷ್ಟೆಲ್ಲಾ ಏನಿಲ್ಲ’ ಎನ್ನಬಹುದಲ್ಲ?

‘ಗುರುಗಳು ನನ್ನ ಅಂಗೈ ಮೇಲೆ ಅದನ್ನಿಟ್ಟಾಗ ನನಗೆ ಎಂಟು ವರ್ಷ,’ ಎಂದರು ಬಸವಲಿಂಗಮ್ಮ. ‘ಸತ್ತಾಗ ಅದು ನನ್ನ ಕೈಯಲ್ಲೇ ಇದ್ದು ನನ್ನ ಜೊತೇಲೇ ಮಣ್ಣಿಗೆ ಹೋಗಬೇಕಾದ್ದು. ಇನ್ನೊಂದು ನನಗೆ ಬೇಡ.’

ಕಿಟ್ಟಿಗೆ ರೇಗಿತು. ‘ಬನಶಂಕರಿ ಬಿಟ್ಟ ಮೇಲೆ ಬಸ್ಸಿಂದ ಯಾರೂ ಇಳಿದಿಲ್ಲ. ಎಲ್ಲರ ಚೀಲ ಬಿಚ್ಚಿಸ್ತೀನಿ,’ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಚಿಕ್ಕಬೈರಪ್ಪನ ಕೈ ಮಿಲಿಟರಿ ಚೀಲದ ಮೇಲೆ ಹೋಯಿತು.

‘ಬೇಡ, ಯಾರ ಚೀಲಾನೂ ಬಿಚ್ಚಿಸಬೇಡಿ,’ ಎಂದರು ಬಸವಲಿಂಗಮ್ಮ. ‘ಸಿಕ್ಕಿದೋರು ಬೆಳ್ಳಿ ಇಟ್ಕೊಳ್ಳಲಿ. ಒಳಗಿರೋದು ಕೊಟ್ಟರೆ ಸಾಕು.’

ಆಕೆಗೆ ಬೇಡವಾದದ್ದು ಚಿಕ್ಕಬೈರಪ್ಪನ ಚೀಲದಲ್ಲಿತ್ತು. ಬೇಕಾದದ್ದನ್ನು ಅವನು ಕೈಯಾರೆ ಎಸೆದಿದ್ದ, ಎಸೆದು ಕೈ ಬೇರೆ ಮುಗಿದಿದ್ದ. ಬೆಳ್ಳಿಯನ್ನು ಹಿಂದಕ್ಕೆ ಕೊಟ್ಟು ತಪ್ಪಾಯಿತು ಅಂದರೆ ಮುಗಿಯುವ ಮಾತಾಗಿದ್ದರೆ ಆ ಗಳಿಗೆಯಲ್ಲೇ ಕೊಟ್ಟುಬಿಡುತ್ತಿದ್ದ.

ಅಷ್ಟರಲ್ಲಿ ಇಂಜಿನ್ನು ಗುರುಗುಟ್ಟಿತು. ಬಸವಲಿಂಗಮ್ಮ ಚೀಲವನ್ನು ಬೆನ್ನಿಗೇರಿಸಿಕೊಂಡು ಇಳಿದರು. ಬಂದ ದಾರಿಯಲ್ಲೇ ನಡೆದು ಹುಡುಕುತ್ತೇನೆ, ನೀವು ಹೊರಡಿ ಎಂದರು. ಅವರ ಜೊತೆಗೆ ಯಾರೂ ಇಳಿಯಲಿಲ್ಲ. ಶಾಂತವೀರಪ್ಪನವರಿಗೆ ಮಂಡಿನೋವು. ಬಸ್ಸು ಹತ್ತು ಮಾರು ಮುಂದೆ ಹೋಯಿತು. ಹಿಂದಿನ ಪರದೆಯ ಸಂದಿಯಲ್ಲಿ ಚಿಕ್ಕಬೈರಪ್ಪ ನೋಡಿದ. ಮಳೆಯಲ್ಲಿ ಆಕೆ ಒಬ್ಬರೇ ಸೊಂಟ ಬಗ್ಗಿಸಿ, ರಸ್ತೆಯ ಕೆಂಪು ನೀರಿನೊಳಕ್ಕೆ ಕಣ್ಣಿಟ್ಟು ನಿಂತಿದ್ದರು.

‘ನಿಲ್ಲಿಸ್ರಪ್ಪಾ,’ ಎಂದು ಚೀಲ ಎತ್ತಿಕೊಂಡು ಇಳಿದ.

ಅವನು ಬಂದದ್ದನ್ನು ಕಂಡು ಆಕೆ, ‘ನಿಮ್ಮ ಪ್ರವಾಸ ಹಾಳಾಯ್ತಲ್ಲ ಬೈರಪ್ಪನವರೇ,’ ಎಂದರು. ಆ ಮಾತು ಅವನನ್ನು ಚುಚ್ಚಿತು. ಅವರ ಹಿಂದೆ ನಡೆದ. ಆಕೆ ಒಂದೊಂದು ಗುಂಡಿಗೂ ಕೈ ಹಾಕಿ ತಡಕುತ್ತಿದ್ದರು. ಒಂದೊಂದು ಕಲ್ಲನ್ನೂ ಎತ್ತಿ, ಒರೆಸಿ, ನೋಡಿ, ಕೆಳಗಿಡುತ್ತಿದ್ದರು. ಅಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು. ಕೆರೆ ಇನ್ನೂ ಮೈಲಿಯ ಮೇಲಿತ್ತು. ನಾಲ್ಕನೆಯ ಗುಂಡಿಯಲ್ಲಿ ಆಕೆಯ ಕೈಗೆ ಗಾಜಿನ ಚೂರು ಹೊಕ್ಕು ರಕ್ತ ಬಂತು. ಆಕೆ ಸೆರಗಿಗೆ ಒರೆಸಿಕೊಂಡು ಐದನೆಯದಕ್ಕೆ ಬಗ್ಗಿದರು.

‘ಅಮ್ಮಾ, ಇಲ್ಲಿ ಹುಡುಕಬೇಡಿ,’ ಎಂದ ಚಿಕ್ಕಬೈರಪ್ಪ. ‘ಸಾರಕ್ಕಿ ಕೆರೆ ಹತ್ರ ಐತೆ.’

‘ನಿಮಗೆ ಹೇಗೆ ಗೊತ್ತು?’

ಅವನು ಚೀಲದ ತಳದಿಂದ ಕರಡಿಗೆ ತೆಗೆದು ಹಿಡಿದ. ಆಕೆ ಅದನ್ನು ನೋಡಿದರು, ಅವನ ಮುಖ ನೋಡಿದರು. ಬೈಯಲಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

‘ಒಳಗಿದ್ದದ್ದು?’

‘ಎಸೆದುಬಿಟ್ಟೆ. ಕೆರೆ ಕಡೆಗೆ. ದೇವರ ವಸ್ತು, ಇಟ್ಕೊಂಡ್ರೆ ಪಾಪ ಅಂತ.’

ಆಕೆ ಕಣ್ಣು ಮುಚ್ಚಿ ತೆರೆದರು. ‘ನಡೀರಿ,’ ಎಂದರು, ತಪ್ಪು ಉತ್ತರ ಹೇಳಿದ ಹುಡುಗಿಗೆ ಕೂತ್ಕೋ ಎಂದ ಹಾಗೆ. ಕೆರೆ ಸಿಗುವವರೆಗೆ ಆಕೆ ಇನ್ನು ಯಾವ ಗುಂಡಿಗೂ ಬಗ್ಗಲಿಲ್ಲ.

ಎಸೆದ ಜಾಗ ಅವನಿಗೆ ಚೆನ್ನಾಗಿ ನೆನಪಿತ್ತು, ವಾಲಿದ ಹೊಂಗೆ ಮರದ ಪಕ್ಕ. ಆದರೆ ಅಲ್ಲಿಂದ ನೀರಿನವರೆಗೆ ಇಳಿಜಾರು, ಅದರ ತುಂಬ ಮೊಳಕಾಲೆತ್ತರದ ಹುಲ್ಲು, ಲಾಂಟಾನ ಪೊದೆ. ದಿನವಿಡೀ ಹುಡುಕಿದರೂ ಸಿಗುವ ಹಾಗಿರಲಿಲ್ಲ. ಆಗ ಅವನಿಗೆ ತನ್ನ ಕಸುಬು ನೆನಪಾಯಿತು. ಚಕ್ರ ಬಿಚ್ಚುವಾಗ ಬೇರಿಂಗಿನ ಗುಂಡು ಕೈಜಾರಿ ಎಲ್ಲೋ ಹೋದರೆ ಸೈಕಲ್ಲಿನವರು ಸುಮ್ಮನೆ ತಡಕುವುದಿಲ್ಲ. ಅದೇ ಜಾಗದಿಂದ ಇನ್ನೊಂದು ಗುಂಡು ಬೀಳಿಸಿ, ಅದು ಎಲ್ಲಿಗೆ ಉರುಳುತ್ತದೆ ಎಂದು ಕಣ್ಣಿಟ್ಟು ನೋಡುತ್ತಾರೆ. ಎರಡನೆಯದು ಮೊದಲನೆಯದರ ಮನೆ ತೋರಿಸುತ್ತದೆ.

‘ಅಮ್ಮಾ, ಇದನ್ನ ಎಸೀಲಾ?’ ಎಂದು ಕರಡಿಗೆ ತೋರಿಸಿ ಕೇಳಿದ. ‘ನೀರಿಗೆ ಹೋದರೂ ಹೋಗಬಹುದು.’

‘ಎಸೀರಿ.’

ಒಳಗೆ ಒಂದು ಕಲ್ಲು ತುಂಬಿ, ಬಸ್ಸಿನ ಕಿಟಕಿಯಷ್ಟು ಎತ್ತರಕ್ಕೆ ಕೈಯೆತ್ತಿ, ಬೆಳಿಗ್ಗೆ ಎಸೆದ ಹಾಗೆಯೇ ಎಸೆದ. ಬೆಳ್ಳಿ ಹುಲ್ಲಿಗೆ ಬಡಿದು, ಜಾರಿ, ಉರುಳಿ, ನೀರಿಗೆ ಮೂರು ಮೊಳ ಇರುವಂತೆ ಒಂದು ಪೊದೆಯ ಬುಡದಲ್ಲಿ ನಿಂತಿತು. ಅವನು ಕೆಸರಿನಲ್ಲಿ ಕೂತುಕೊಂಡೇ ಜಾರಿ ಇಳಿದ. ಪೊದೆಯನ್ನು ಎರಡೂ ಕೈಯಿಂದ ಬಗೆದ. ಮುಳ್ಳು ಗೀರಿತು. ಎಲೆಗಳ ನಡುವೆ ಬಿಳಿ ಬಟ್ಟೆಯ ತುದಿ ಕಂಡಾಗ ಅವನಿಗೆ ಅಳು ಬಂದುಬಿಟ್ಟಿತು. ಮುಟ್ಟಲು ಹೋದವನು ಕೈ ಹಿಂದಕ್ಕೆಳೆದುಕೊಂಡ.

‘ಇಲ್ಲಿದೆ ಅಮ್ಮಾ,’ ಎಂದು ಕೂಗಿದ.

ಬಸವಲಿಂಗಮ್ಮ ಸೀರೆ ಎತ್ತಿಕಟ್ಟಿ ತಾವೇ ಇಳಿದು ಬಂದರು. ಗಂಟು ಬಿಚ್ಚಿ, ಮಳೆಯ ನೀರಿನಲ್ಲಿ ತೊಳೆದು, ಎಡಗೈಯ ಅಂಗೈಯಲ್ಲಿಟ್ಟುಕೊಂಡು ಕೂತರು. ಚಿಕ್ಕಬೈರಪ್ಪ ಅವರ ತಲೆಯ ಮೇಲೆ ಕಂಬಳಿ ಹಿಡಿದು ನಿಂತ. ಎಷ್ಟು ಹೊತ್ತೋ. ಆಮೇಲೆ ಅವರು ಬೊಗಸೆಯಲ್ಲಿ ಮಳೆನೀರು ಹಿಡಿದು ಕುಡಿದರು. ಸೆರಗಿನ ಅಂಚು ಹರಿದು, ಲಿಂಗವನ್ನು ಅದರಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು.

ಅವನು ಕರಡಿಗೆಯೊಳಗಿನ ಕಲ್ಲು ಚೆಲ್ಲಿ, ಅದನ್ನು ಪಂಚೆಗೆ ಒರೆಸಿ ಎರಡೂ ಕೈಯಲ್ಲಿ ಮುಂದೆ ಹಿಡಿದ.

‘ಅದು ನಿಮ್ಮ ಹತ್ರಾನೇ ಇರಲಿ,’ ಎಂದರು.

‘ಬೇಡ ಅಮ್ಮಾ.’

‘ಬಸ್ಸಲ್ಲಿ ನಲವತ್ತು ಜನದ ಮುಂದೆ ಹೇಳಿದೀನಿ, ಸಿಕ್ಕಿದೋರು ಬೆಳ್ಳಿ ಇಟ್ಕೊಳ್ಳಲಿ ಅಂತ. ನಿಮಗೆ ಬೇಕಾಗಿದ್ದೂ ಅದೇ ಅಲ್ವಾ? ನನಗೆ ಬೇಕಾಗಿದ್ದು ಸಿಕ್ತು.’

ಆ ದನಿಯಲ್ಲಿ ಕೋಪವಿರಲಿಲ್ಲ, ಕೊಂಕಿರಲಿಲ್ಲ. ಅದೇ ಅವನನ್ನು ಕಲ್ಲಾಗಿಸಿತು. ಆಕೆ ರಸ್ತೆಗೆ ಹತ್ತಿ, ಚೀಲ ಸರಿಮಾಡಿಕೊಂಡು ಬನಶಂಕರಿಯ ಕಡೆಗೆ ತಿರುಗಿದರು.

‘ಗಗನಚುಕ್ಕಿ?’ ಎಂದು ಕೇಳಿದ, ಬೇರೇನು ಕೇಳಬೇಕೆಂದು ತಿಳಿಯದೆ.

‘ಮ್ಯಾಪಿನಲ್ಲಿದೆಯಲ್ಲ,’ ಎಂದು ಹೊರಟುಹೋದರು.

ಚಿಕ್ಕಬೈರಪ್ಪ ಕರಡಿಗೆಯನ್ನು ಮೈಲಿಗಲ್ಲಿನ ಮೇಲಿಟ್ಟು ಹತ್ತು ಹೆಜ್ಜೆ ನಡೆದ. ಯಾರಾದರೂ ಬಂದು ಎತ್ತಿಕೊಳ್ಳುತ್ತಾರೆ ಎನ್ನಿಸಿತು. ಎತ್ತಿಕೊಳ್ಳುವವರು ಎಂಥವರೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಹಿಂದಿರುಗಿ ಎತ್ತಿಕೊಂಡ. ಕೆರೆಗೆ ಎಸೆಯಲು ಕೈ ಎತ್ತಿದ, ಎಸೆಯಲಾಗಲಿಲ್ಲ. ಚೀಲಕ್ಕೆ ಹಾಕಲು ಬಗ್ಗಿದ, ಅದೂ ಆಗಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಷ್ಟು ವರ್ಷ ನೆಲ ನೋಡಿಕೊಂಡೇ ನಡೆದವನು ಈಗ ತಲೆಯೆತ್ತಿ ನೋಡಿದರೆ ರಸ್ತೆಯಲ್ಲಿ ಆಕೆ ಕಾಣುತ್ತಿರಲಿಲ್ಲ. ಮಳೆ ಮತ್ತೆ ಜೋರಾಯಿತು, ಅವನ ಅಂಗೈಯಲ್ಲಿ ತೆರೆದುಕೊಂಡಿದ್ದ ಖಾಲಿ ಕರಡಿಗೆಯಲ್ಲಿ ನೀರು ತುಂಬಿಕೊಳ್ಳತೊಡಗಿತು.